ಶಾಲೆಯ ಲೆಕ್ಕ ಹಿಡಿದವರಿಗೆ ಯಾರು ಕಲಿಸಬೇಕು?

ಇಂಗ್ಲೆಂಡಿನಲ್ಲಿ ಸಾವಿರ ಮಕ್ಕಳಿರುವ ಒಂದು ಸರ್ಕಾರಿ ಪ್ರೌಢಶಾಲೆಯ ಕೈಯಲ್ಲಿ ವರ್ಷಕ್ಕೆ ಹಲವು ದಶಲಕ್ಷ ಪೌಂಡ್ ಹಣ ಓಡಾಡುತ್ತದೆ. ಶಿಕ್ಷಕರ ಸಂಬಳ, ಅವರ ಪಿಂಚಣಿ ವಂತಿಗೆ, ಅಡುಗೆಮನೆ, ವಿದ್ಯುತ್ ಬಿಲ್, ಸೋರುವ ಛಾವಣಿ, ಕಂಪ್ಯೂಟರ್, ಶುಚಿತ್ವದ ಗುತ್ತಿಗೆ, ವಿಮೆ ಎಲ್ಲವೂ ಅದರಲ್ಲೇ ನಡೆಯಬೇಕು. ಇದಕ್ಕೆಲ್ಲ ಕೊನೆಗೆ ಉತ್ತರ ಕೊಡಬೇಕಾದವರು ಮುಖ್ಯ ಶಿಕ್ಷಕರು ಮತ್ತು ಆಡಳಿತ ಮಂಡಳಿ. ದಿನದಿನವೂ ಇದನ್ನು ನಡೆಸುವವರು ಮಾತ್ರ ಬೇರೆ. ಅವರನ್ನು ಅಲ್ಲಿ ಸ್ಕೂಲ್ ಬಿಸಿನೆಸ್ ಮ್ಯಾನೇಜರ್ ಎಂದು ಕರೆಯುತ್ತಾರೆ. ಅವರು ಪಾಠ ಮಾಡುವುದಿಲ್ಲ. ಆದರೆ ಒಂದು ತರಗತಿಯಲ್ಲಿ ಎಷ್ಟು ಮಕ್ಕಳು ಕೂರುತ್ತಾರೆ, ಜರ್ಮನ್ ಭಾಷೆಯನ್ನು ಮುಂದಿನ ವರ್ಷವೂ ಕಲಿಸಲಾಗುತ್ತದೆಯೇ, ಕಲಿಕೆಯಲ್ಲಿ ಹಿಂದುಳಿದ ಮಗುವಿನ ಪಕ್ಕ ಒಬ್ಬ ಸಹಾಯಕಿ ಇರುತ್ತಾರೆಯೇ ಎಂಬ ತೀರ್ಮಾನಗಳೆಲ್ಲ ಅವರು ಹಾಕಿಕೊಟ್ಟ ಲೆಕ್ಕದ ಮೇಲೆ ನಿಂತಿರುತ್ತವೆ.

ಇಷ್ಟು ಹೊಣೆ ಹೊತ್ತವರಿಗೆ ಆ ಕೆಲಸವನ್ನು ಕಲಿಸುವವರು ಯಾರು? ಶಿಕ್ಷಕರಿಗೆ ಬಿ.ಎಡ್.ನಂತಹ ಪದವಿ ಇದೆ, ಸೇವೆಯಲ್ಲಿರುವಾಗಲೂ ತರಬೇತಿ ಇದೆ. ಲೆಕ್ಕ ಪರಿಶೋಧಕರಿಗೆ ತಮ್ಮದೇ ಸಂಸ್ಥೆ, ತಮ್ಮದೇ ಪರೀಕ್ಷೆ ಇದೆ. ಶಾಲೆಯ ಹಣ, ಕಟ್ಟಡ, ಸಿಬ್ಬಂದಿ ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವವರಿಗೆ ಬಹಳ ಕಾಲ ಏನೂ ಇರಲಿಲ್ಲ. ಇಂಗ್ಲೆಂಡ್ ಆ ಕೊರತೆಯನ್ನು ಹೇಗೆ ಕಂಡುಕೊಂಡಿತು, ಅರ್ಧದಷ್ಟು ಹೇಗೆ ತುಂಬಿಸಿತು, ಇನ್ನರ್ಧ ಏಕೆ ಹಾಗೆಯೇ ಉಳಿದಿದೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ವೃತ್ತಿಯ ತರಬೇತಿಯಲ್ಲಿ ಲೆಕ್ಕ ಬರೆಯುವುದು ಸುಲಭದ ಭಾಗ. ಹಣಕ್ಕೂ ಪಾಠಕ್ಕೂ ಇರುವ ನಂಟನ್ನು ಓದುವುದು ಕಷ್ಟದ ಭಾಗ, ಮತ್ತು ಅದನ್ನು ಒಬ್ಬರೇ ಕುಳಿತು ಕಲಿಯಲು ಆಗುವುದಿಲ್ಲ.

ಹಣ ಬಂತು, ತರಬೇತಿ ಬರಲಿಲ್ಲ

1988ಕ್ಕೆ ಮೊದಲು ಇಂಗ್ಲೆಂಡಿನ ಸರ್ಕಾರಿ ಶಾಲೆಗಳ ಹಣವನ್ನು ಬಹುತೇಕ ಆಯಾ ಪ್ರದೇಶದ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಇಟ್ಟುಕೊಳ್ಳುತ್ತಿತ್ತು. ಎಷ್ಟು ಶಿಕ್ಷಕರು ಬೇಕು, ಕಟ್ಟಡಕ್ಕೆ ಯಾವಾಗ ಬಣ್ಣ ಬಳಿಯಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಶಾಲೆಯ ಕಚೇರಿಯಲ್ಲಿ ಒಬ್ಬರು ಸೆಕ್ರೆಟರಿ ಇರುತ್ತಿದ್ದರು. ಪತ್ರ ಟೈಪ್ ಮಾಡುವುದು, ಊಟದ ಹಣ ಸಂಗ್ರಹಿಸುವುದು, ಹಾಜರಿ ಪಟ್ಟಿ ಇಡುವುದು ಅವರ ಕೆಲಸವಾಗಿತ್ತು. ಹಣಕಾಸು ನೋಡಿಕೊಳ್ಳಲು ಪ್ರತ್ಯೇಕ ಅಧಿಕಾರಿ ಇರುತ್ತಿದ್ದುದು ಹೆಚ್ಚಾಗಿ ಶುಲ್ಕ ವಸೂಲಿ ಮಾಡುವ ಖಾಸಗಿ ಶಾಲೆಗಳಲ್ಲಿ. ಅಲ್ಲಿ ಆ ಹುದ್ದೆಗೆ ಬರ್ಸರ್ ಎಂಬ ಹಳೆಯ ಹೆಸರಿತ್ತು.

ಮಾರ್ಗರೆಟ್ ಥ್ಯಾಚರ್ ಸರ್ಕಾರ 1988ರಲ್ಲಿ ತಂದ ಶಿಕ್ಷಣ ಸುಧಾರಣಾ ಕಾಯ್ದೆ ಈ ವ್ಯವಸ್ಥೆಯನ್ನು ಬುಡಮೇಲು ಮಾಡಿತು. ಹಣದ ದೊಡ್ಡ ಪಾಲು ಕೌನ್ಸಿಲ್‌ನಿಂದ ನೇರವಾಗಿ ಶಾಲೆಯ ಬಜೆಟ್‌ಗೆ ಬಂತು. ಎಷ್ಟು ಹಣ ಎಂಬುದನ್ನು ನಿರ್ಧರಿಸುತ್ತಿದ್ದುದು ಮುಖ್ಯವಾಗಿ ಮಕ್ಕಳ ತಲೆ ಎಣಿಕೆ. ಖರ್ಚಿನ ತೀರ್ಮಾನ ಮುಖ್ಯ ಶಿಕ್ಷಕರದು ಮತ್ತು ಆಡಳಿತ ಮಂಡಳಿಯದು. ಆಗ ಶಿಕ್ಷಣ ಸಚಿವರಾಗಿದ್ದವರು ಕೆನೆತ್ ಬೇಕರ್. ಶಿಕ್ಷಕರ ತರಬೇತಿಗೆಂದು ವರ್ಷಕ್ಕೆ 5 ದಿನ ಮಕ್ಕಳಿಲ್ಲದ ದಿನಗಳನ್ನು ಮೀಸಲಿಡುವ ಪದ್ಧತಿಯೂ ಅವರ ಕಾಲದಲ್ಲೇ ಶುರುವಾಯಿತು. ಅವಕ್ಕೆ ಬೇಕರ್ ದಿನಗಳು ಎಂದೇ ಹೆಸರು ಬಿತ್ತು. ಆ ಪದ್ಧತಿ ಇಂದಿಗೂ ಇದೆ. ಹಾಗೆ ನೋಡಿದರೆ ಒಬ್ಬರೇ ಸಚಿವರ ಅವಧಿಯಲ್ಲಿ ಶಾಲೆಗಳಿಗೆ ಹಣದ ಹೊಣೆಯೂ ಬಂತು, ಶಿಕ್ಷಕರಿಗೆ ಕಲಿಕೆಯ ದಿನಗಳೂ ಬಂದವು. ಆ ಹಣ ನೋಡಿಕೊಳ್ಳಬೇಕಾದವರಿಗೆ ಮಾತ್ರ ಅಂತಹ ಒಂದು ದಿನವೂ ಸಿಗಲಿಲ್ಲ.

ಆದದ್ದೇನು? ಕಚೇರಿಯಲ್ಲಿ ಇದ್ದವರ ಮೇಜಿನ ಮೇಲೆ ಕೆಲಸ ರಾಶಿ ಬಿತ್ತು. ಬಜೆಟ್ ಮುನ್ನಂದಾಜು, ವೇತನ ಪಟ್ಟಿ, ಗುತ್ತಿಗೆ, ಕಟ್ಟಡದ ಸುರಕ್ಷತೆ ಒಂದೊಂದಾಗಿ ಬಂದು ಸೇರಿಕೊಂಡವು. ನಿನ್ನೆ ಸೆಕ್ರೆಟರಿ ಆಗಿದ್ದವರು ಹೊಸ ಹುದ್ದೆಯ ಹೆಸರಿಲ್ಲದೆಯೇ, ಅನೇಕ ಕಡೆ ಹಳೆಯ ಸಂಬಳದಲ್ಲೇ ಮ್ಯಾನೇಜರ್ ಆದರು. ಅವರಲ್ಲಿ ಬಹುತೇಕರು ಮಹಿಳೆಯರು ಎಂಬುದನ್ನು ಇಲ್ಲಿ ಹೇಳಲೇಬೇಕು. ಈ ವೃತ್ತಿಗೆ ಮನ್ನಣೆ ತಡವಾಗಿ ಬಂದುದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಾನು ನಂಬುತ್ತೇನೆ.

ಸರ್ಕಾರದ ಕಣ್ಣು ತೆರೆಸಿದ್ದು ಶಿಕ್ಷಕರ ಸುಸ್ತು. ಪಾಠಕ್ಕೆ ಸಂಬಂಧವಿಲ್ಲದ ಕೆಲಸಗಳಲ್ಲಿ ಅವರ ಸಮಯ ಹಾಳಾಗುತ್ತಿದೆ ಎಂಬುದು 2001ರ ಒಂದು ಅಧಿಕೃತ ಅಧ್ಯಯನದಿಂದ ಸ್ಪಷ್ಟವಾಗಿತ್ತು. 2003ರ ಜನವರಿಯಲ್ಲಿ ಸರ್ಕಾರ, ಶಾಲಾ ಉದ್ಯೋಗದಾತರ ಸಂಘಟನೆ ಮತ್ತು ಹೆಚ್ಚಿನ ಶಿಕ್ಷಕ ಸಂಘಟನೆಗಳು ಸೇರಿ ಒಂದು ರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದವು. ಅತಿ ದೊಡ್ಡ ಸಂಘಟನೆಗಳಲ್ಲಿ ಒಂದಾದ ನ್ಯಾಷನಲ್ ಯೂನಿಯನ್ ಆಫ್ ಟೀಚರ್ಸ್ ಮಾತ್ರ ಹೊರಗುಳಿಯಿತು. ಹಣ ಸಂಗ್ರಹ, ರಾಶಿ ರಾಶಿ ಫೋಟೊಕಾಪಿ, ಸಾಮಗ್ರಿ ಎಣಿಕೆ, ಗೈರುಹಾಜರಾದ ಮಕ್ಕಳ ಮನೆಗೆ ಫೋನ್ ಮಾಡುವುದು ಹೀಗೆ ಶಿಕ್ಷಕರು ಮಾಡಬೇಕಾಗಿಲ್ಲದ ಇಪ್ಪತ್ತಕ್ಕೂ ಹೆಚ್ಚು ಕೆಲಸಗಳ ಪಟ್ಟಿ ಅದರಲ್ಲಿತ್ತು. 2005ರಿಂದ ಶಿಕ್ಷಕರ ಬೋಧನಾ ಸಮಯದ ಶೇ 10ರಷ್ಟನ್ನು ಪಾಠದ ತಯಾರಿಗೆ ಮತ್ತು ಮೌಲ್ಯಮಾಪನಕ್ಕೆ ಬಿಟ್ಟುಕೊಡುವುದು ಕಡ್ಡಾಯವಾಯಿತು. ಶಿಕ್ಷಕರ ಮೇಜಿನಿಂದ ಎತ್ತಿದ ಕೆಲಸ ಇನ್ನೊಬ್ಬರ ಮೇಜಿಗೆ ಹೋಗಲೇಬೇಕಲ್ಲ. ಆ ಇನ್ನೊಬ್ಬರನ್ನು ತಯಾರು ಮಾಡುವ ಮಾತು ಆಗ ಗಂಭೀರವಾಗಿ ಶುರುವಾಯಿತು.

ಏಣಿ ಹಾಕಿದವರು, ಏಣಿ ಹಿಡಿದುಕೊಂಡವರು

ನಾಟಿಂಗ್‌ಹ್ಯಾಮ್‌ನಲ್ಲಿ ಶಾಲಾ ನಾಯಕತ್ವಕ್ಕೆಂದೇ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ಕಾಲೇಜು 2000ದ ದಶಕದ ಆರಂಭದಲ್ಲಿ ಈ ಸಿಬ್ಬಂದಿಗಾಗಿ ಒಂದು ಸರ್ಟಿಫಿಕೇಟ್ ಕೋರ್ಸ್ ಶುರುಮಾಡಿತು. ಅದರ ಮೇಲೆ ಡಿಪ್ಲೊಮಾ ಬಂತು, ಆಮೇಲೆ ಉನ್ನತ ಡಿಪ್ಲೊಮಾ. ಶುಲ್ಕದ ಒಂದು ಭಾಗವನ್ನು ಸರ್ಕಾರವೇ ಭರಿಸುತ್ತಿತ್ತು. ಕಲಿಯುವವರು ತಮ್ಮದೇ ಶಾಲೆಯ ಸಮಸ್ಯೆಯನ್ನು ಎತ್ತಿಕೊಂಡು ಅದರ ಮೇಲೆ ಕೆಲಸ ಮಾಡಿ ವರದಿ ಬರೆಯಬೇಕಿತ್ತು. ನನಗೆ ಈ ವಿನ್ಯಾಸ ಬಹಳ ಮೆಚ್ಚುಗೆಯಾಗುತ್ತದೆ. ವಿದ್ಯುತ್ ಖರ್ಚು ಕಡಿಮೆ ಮಾಡುವ ಅಥವಾ ಊಟದ ಗುತ್ತಿಗೆಯನ್ನು ಮರುಪರಿಶೀಲಿಸುವ ಕೆಲಸ ಪರೀಕ್ಷೆಯೂ ಆಗುತ್ತಿತ್ತು, ಶಾಲೆಗೆ ಉಳಿತಾಯವೂ ಆಗುತ್ತಿತ್ತು.

2013ರಲ್ಲಿ ಆ ಕಾಲೇಜನ್ನು ಇನ್ನೊಂದು ಸರ್ಕಾರಿ ಸಂಸ್ಥೆಯೊಂದಿಗೆ ವಿಲೀನ ಮಾಡಲಾಯಿತು. 2018ರಲ್ಲಿ ಆ ವಿಲೀನಗೊಂಡ ಸಂಸ್ಥೆಯೂ ಮುಚ್ಚಿತು. ಈ ನಡುವೆ ಸರ್ಕಾರ ಈ ಕೋರ್ಸ್‌ಗಳಿಂದ ಕೈ ಹಿಂತೆಗೆದುಕೊಂಡಿತು. ವೃತ್ತಿ ಅಲ್ಲಿಗೇ ಕುಸಿಯಬಹುದಿತ್ತು. ಕುಸಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಈ ಕೆಲಸ ಮಾಡುವವರು ತಮ್ಮದೇ ಸಂಘವನ್ನು ಗಟ್ಟಿ ಮಾಡಿಕೊಂಡಿದ್ದರು. ಶಾಲಾ ಬಿಸಿನೆಸ್ ನಿರ್ವಹಣೆಯ ರಾಷ್ಟ್ರೀಯ ಸಂಘವಾಗಿದ್ದುದು 2017ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಸ್ಕೂಲ್ ಬಿಸಿನೆಸ್ ಲೀಡರ್‌ಶಿಪ್ ಆಯಿತು. ಅದಕ್ಕೆ ಎರಡು ವರ್ಷ ಮೊದಲು, 2015ರಲ್ಲಿ, ಸಂಘ ಒಂದು ವೃತ್ತಿ ಮಾನದಂಡವನ್ನು ಪ್ರಕಟಿಸಿತ್ತು. ಈ ವೃತ್ತಿಯವರಿಗೆ ಏನೇನು ಗೊತ್ತಿರಬೇಕು ಎಂಬುದನ್ನು ಅದು ಆರು ಕ್ಷೇತ್ರಗಳಾಗಿ ವಿಂಗಡಿಸಿತು: ಸಹಾಯಕ ಸೇವೆಗಳ ನಾಯಕತ್ವ, ಹಣಕಾಸು, ಖರೀದಿ, ಮೂಲಸೌಕರ್ಯ, ಮಾನವ ಸಂಪನ್ಮೂಲ, ಶಾಲೆಯ ಪ್ರಚಾರ. ಇವುಗಳ ನಡುವೆ ವರ್ತನೆಯ ಆರು ಗುಣಗಳನ್ನೂ ಇಟ್ಟಿತು. ಆ ಆರರಲ್ಲಿ ಒಂದು, ಪ್ರಶ್ನಿಸುವವರಾಗಿರಬೇಕು ಎಂಬುದು. ಕಚೇರಿ ಸಿಬ್ಬಂದಿ ಮುಖ್ಯ ಶಿಕ್ಷಕರನ್ನು ಪ್ರಶ್ನಿಸಬೇಕು ಎಂದು ಒಂದು ವೃತ್ತಿ ತನ್ನ ಮಾನದಂಡದಲ್ಲೇ ಬರೆದುಕೊಳ್ಳುವುದು ಸಣ್ಣ ಧೈರ್ಯವಲ್ಲ.

ಇಂದು ಈ ವೃತ್ತಿಗೆ ಬರಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಅಲ್ಲಿನ ಅರ್ಹತೆಗಳಿಗೆ ಹಂತಗಳ ಸಂಖ್ಯೆ ಇರುತ್ತದೆ. 4ನೇ ಹಂತ ಎಂದರೆ ಪದವಿಯ ಮೊದಲ ವರ್ಷಕ್ಕೆ ಸಮ, 7ನೇ ಹಂತ ಎಂದರೆ ಸ್ನಾತಕೋತ್ತರಕ್ಕೆ ಸಮ. ಶಾಲಾ ಬಿಸಿನೆಸ್ ನಿರ್ವಹಣೆಯ ಡಿಪ್ಲೊಮಾ 4ನೇ ಹಂತದಿಂದ ಶುರುವಾಗುತ್ತದೆ. ಅದೇ ಹಂತದಲ್ಲಿ ಸುಮಾರು 18 ತಿಂಗಳ ಅಪ್ರೆಂಟಿಸ್‌ಶಿಪ್ ಕೂಡ ಇದೆ. ಅಪ್ರೆಂಟಿಸ್ ಎಂದರೆ ಹದಿಹರೆಯದ ಹುಡುಗರೇ ಆಗಬೇಕಿಲ್ಲ. ಈಗಾಗಲೇ ಶಾಲೆಯ ಕಚೇರಿಯಲ್ಲಿ ಹತ್ತಾರು ವರ್ಷ ದುಡಿದವರೂ ಸೇರಬಹುದು. ಕೆಲಸದ ಸಮಯದಲ್ಲೇ ಒಂದು ಪಾಲನ್ನು ಕಲಿಕೆಗೆ ಬಿಡಬೇಕೆಂಬ ನಿಯಮವಿದೆ. ಹಣ ಬರುವುದು 2017ರಲ್ಲಿ ಜಾರಿಯಾದ ಅಪ್ರೆಂಟಿಸ್‌ಶಿಪ್ ತೆರಿಗೆಯಿಂದ. ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಹೆಚ್ಚು ಸಂಬಳ ಕೊಡುವ ಪ್ರತಿ ಸಂಸ್ಥೆಯೂ ಆ ಮಿತಿ ಮೀರಿದ ವೇತನ ಮೊತ್ತದ ಶೇ 0.5ರಷ್ಟನ್ನು ಅದಕ್ಕೆ ಕಟ್ಟಬೇಕು. ಶಾಲೆಗಳ ದೊಡ್ಡ ಟ್ರಸ್ಟ್‌ಗಳೂ ಕೌನ್ಸಿಲ್‌ಗಳೂ ಅದನ್ನು ಹೇಗೂ ಕಟ್ಟುತ್ತಿವೆ. ಕಟ್ಟಿದ ಹಣವನ್ನು ತಮ್ಮದೇ ಕಚೇರಿ ಸಿಬ್ಬಂದಿಯ ತರಬೇತಿಗೆ ಬಳಸಿಕೊಳ್ಳದಿದ್ದರೆ ನಷ್ಟ ಅವಕ್ಕೇ. ಇಂಗ್ಲೆಂಡಿನಲ್ಲಿ ನೆಲೆಸಿರುವ, ಬ್ಯಾಂಕ್ ಅಥವಾ ಲೆಕ್ಕಪತ್ರದ ಅನುಭವವಿರುವ ಕನ್ನಡಿಗರು ಮಕ್ಕಳ ಶಾಲೆಯ ಕಚೇರಿಯಲ್ಲಿ ಅರೆಕಾಲಿಕ ಕೆಲಸ ಹುಡುಕುತ್ತಿದ್ದರೆ ಈ ದಾರಿಯನ್ನು ವಿಚಾರಿಸಿ ನೋಡಬಹುದು.

ಸರ್ಕಾರಿ ಶಾಲೆಗಳಲ್ಲಿ ಎರಡು ಬಗೆ ಇರುವುದರಿಂದ ತರಬೇತಿಯ ಒತ್ತಡವೂ ಎರಡು ಬಗೆಯದು. ಕೌನ್ಸಿಲ್‌ನ ಅಡಿಯಲ್ಲಿರುವ ಶಾಲೆಗಳ ಹಣಕಾಸು ವರ್ಷ ನಮ್ಮಂತೆಯೇ ಏಪ್ರಿಲ್‌ನಿಂದ ಮಾರ್ಚ್. ಅವು ಪ್ರತಿ ವರ್ಷ ಹಣಕಾಸು ಮೌಲ್ಯಮಾಪನದ ಒಂದು ಪ್ರಶ್ನಾವಳಿಯನ್ನು ಭರ್ತಿ ಮಾಡಬೇಕು. ಹಣಕಾಸು ಸಿಬ್ಬಂದಿ ರಜೆಯಲ್ಲಿದ್ದಾಗಲೂ ಶಾಲೆಗೆ ಸಾಕಷ್ಟು ಪರಿಣತಿ ಲಭ್ಯವಿದೆಯೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಅಕಾಡೆಮಿಗಳು ಎಂಬ ಇನ್ನೊಂದು ಬಗೆಯ ಶಾಲೆಗಳು ಕೌನ್ಸಿಲ್‌ನಿಂದ ಹೊರಬಂದು ಟ್ರಸ್ಟ್‌ಗಳ ಅಡಿಯಲ್ಲಿ ನಡೆಯುತ್ತವೆ. 2010ರ ಕಾಯ್ದೆಯ ನಂತರ ಇವುಗಳ ಸಂಖ್ಯೆ ಬಹಳ ಬೆಳೆಯಿತು. ಅವುಗಳ ವರ್ಷ ಸೆಪ್ಟೆಂಬರ್‌ನಿಂದ ಆಗಸ್ಟ್, ಲೆಕ್ಕಕ್ಕೆ ಹೊರಗಿನ ಆಡಿಟ್ ಕಡ್ಡಾಯ, ಪ್ರತಿ ಟ್ರಸ್ಟ್‌ಗೂ ಒಬ್ಬ ಮುಖ್ಯ ಹಣಕಾಸು ಅಧಿಕಾರಿ ಇರಲೇಬೇಕು. ಆ ಅಧಿಕಾರಿ ವೃತ್ತಿ ಕಲಿಕೆಯನ್ನು ಮುಂದುವರಿಸುತ್ತಿರಬೇಕು ಎಂದು ಟ್ರಸ್ಟ್‌ಗಳ ನಿಯಮ ಕೈಪಿಡಿಯೇ ಹೇಳುತ್ತದೆ. ಸಣ್ಣ ಪ್ರಾಥಮಿಕ ಶಾಲೆಯ ಕಚೇರಿಯಲ್ಲಿ ಒಬ್ಬರೇ ಕುಳಿತವರ ಬಗ್ಗೆ ಅಷ್ಟು ಖಚಿತವಾಗಿ ಯಾರೂ ಬರೆದಿಲ್ಲ.

ಗಂಟೆಯ ಪಾಠಕ್ಕೆ ಎಷ್ಟು ಪೌಂಡ್?

ಈಗ ಕಲಿಯಬೇಕಾದ ವಿಷಯಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ಇಡೀ ತರಬೇತಿಯ ತಿರುಳು ಪಠ್ಯಕ್ರಮ ಮತ್ತು ಹಣಕಾಸನ್ನು ಒಟ್ಟಿಗೆ ಯೋಜಿಸುವ ವಿಧಾನದಲ್ಲಿದೆ. ಕೇಳಲು ದೊಡ್ಡದಾಗಿದ್ದರೂ ಅದರ ಒಳಗಿರುವುದು ಗುಣಾಕಾರ ಮತ್ತು ಭಾಗಾಕಾರ ಮಾತ್ರ. ಒಂದು ಕಾಲ್ಪನಿಕ ಶಾಲೆಯನ್ನು ಇಟ್ಟುಕೊಂಡು ಮಾಡಿ ನೋಡೋಣ.

ಶಾಲೆಯಲ್ಲಿ 1,000 ಮಕ್ಕಳಿದ್ದಾರೆ. ಸರಾಸರಿ ತರಗತಿಯಲ್ಲಿ 25 ಮಕ್ಕಳು. ಹಾಗಾದರೆ ಯಾವುದೇ ಗಂಟೆಯಲ್ಲಿ 40 ತರಗತಿಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಅಷ್ಟಕ್ಕೆ 40 ಶಿಕ್ಷಕರು ಸಾಕೇ? ಸಾಲುವುದಿಲ್ಲ, ಏಕೆಂದರೆ ಯಾವ ಶಿಕ್ಷಕರೂ ವಾರದ ಎಲ್ಲ ಗಂಟೆಗಳಲ್ಲಿ ಪಾಠ ಮಾಡುವುದಿಲ್ಲ. ಶೇ 10 ತಯಾರಿಗೆ ಕಡ್ಡಾಯವಾಗಿ ಹೋಗುತ್ತದೆ. ವಿಭಾಗದ ಮುಖ್ಯಸ್ಥರು, ಉಪ ಮುಖ್ಯ ಶಿಕ್ಷಕರು ಇನ್ನೂ ಕಡಿಮೆ ಪಾಠ ಮಾಡುತ್ತಾರೆ. ಒಟ್ಟು ವೇಳಾಪಟ್ಟಿಯಲ್ಲಿ ಶಿಕ್ಷಕರು ನಿಜವಾಗಿ ತರಗತಿಯಲ್ಲಿರುವ ಪಾಲನ್ನು ಬೋಧನಾ ಅನುಪಾತ ಎನ್ನಬಹುದು. ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ 0.78 ಎಂಬ ಅಂಕಿಯನ್ನು ಸಾಮಾನ್ಯವಾಗಿ ಗುರಿಯಾಗಿ ಇಟ್ಟುಕೊಳ್ಳುತ್ತಾರೆ. 40ನ್ನು 0.78ರಿಂದ ಭಾಗಿಸಿದರೆ 51.3 ಶಿಕ್ಷಕರು ಬೇಕು.

ಈಗ ಒಂದೊಂದು ಅಂಕಿಯನ್ನು ಅಲುಗಾಡಿಸಿ ನೋಡಬೇಕು. ಸರಾಸರಿ ತರಗತಿ 25ರಿಂದ 26ಕ್ಕೆ ಏರಿದರೆ ಬೇಕಾಗುವ ಶಿಕ್ಷಕರು 49.3. ತರಗತಿಗೆ ಒಂದೇ ಒಂದು ಮಗು ಹೆಚ್ಚಾದದ್ದಕ್ಕೆ ಎರಡು ಹುದ್ದೆಗಳ ವ್ಯತ್ಯಾಸ! ಹಾಗೆಯೇ ತರಗತಿ 25ರಲ್ಲೇ ಇದ್ದು, ಬೋಧನಾ ಅನುಪಾತ 0.75ಕ್ಕೆ ಇಳಿದರೆ 53.3 ಶಿಕ್ಷಕರು ಬೇಕು. ಸಂಬಳ, ಪಿಂಚಣಿ, ವಿಮಾ ವಂತಿಗೆ ಎಲ್ಲ ಸೇರಿ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 60,000 ಪೌಂಡ್ ಎಂದು ಹಿಡಿದರೆ, ಎರಡು ಹುದ್ದೆ ಎಂದರೆ 1,20,000 ಪೌಂಡ್. ಸಭೆಯಲ್ಲಿ ಯಾರೋ ಒಬ್ಬರು ಇನ್ನಿಬ್ಬರಿಗೆ ಜವಾಬ್ದಾರಿ ಕೊಡೋಣ, ಸ್ವಲ್ಪ ಪಾಠ ಕಡಿಮೆ ಮಾಡೋಣ ಎಂದಾಗ ಅದರ ಬೆಲೆ ಎಷ್ಟು ಎಂದು ಆ ಕ್ಷಣವೇ ಹೇಳಬಲ್ಲವರು ಅಲ್ಲಿ ಇರಬೇಕು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ವಾರಕ್ಕೆ 25 ಅವಧಿ, ವರ್ಷಕ್ಕೆ 38 ವಾರ, ಅನುಪಾತ 0.78. ಒಬ್ಬ ಶಿಕ್ಷಕರು ವರ್ಷಕ್ಕೆ 741 ಪಾಠ ಮಾಡುತ್ತಾರೆ. 60,000ವನ್ನು ಅದರಿಂದ ಭಾಗಿಸಿದರೆ ಒಂದು ಪಾಠಕ್ಕೆ ಸುಮಾರು 81 ಪೌಂಡ್. 27 ಮಕ್ಕಳ ಇತಿಹಾಸ ತರಗತಿಯಲ್ಲಿ ಅದು ಮಗುವಿಗೆ 3 ಪೌಂಡ್. 9 ಮಕ್ಕಳ ಜರ್ಮನ್ ತರಗತಿಯಲ್ಲಿ ಮಗುವಿಗೆ 9 ಪೌಂಡ್.

ಇಲ್ಲಿಗೆ ಬಂದಾಗ ತರಬೇತಿ ಇಲ್ಲದವರು ಹೇಳುವುದು ಜರ್ಮನ್ ನಿಲ್ಲಿಸೋಣ ಎಂದು. ತರಬೇತಿ ಪಡೆದವರು ಹಾಗೆ ಹೇಳುವುದಿಲ್ಲ. ಜರ್ಮನ್ ಮುಂದುವರಿಸಿದರೆ ಇಷ್ಟು ಬೆಲೆ, ಆ ಬೆಲೆಯನ್ನು ಬೇರೆಲ್ಲಿಂದ ತರಬಹುದು, ಪಕ್ಕದ ಶಾಲೆಯೊಂದಿಗೆ ಸೇರಿ ಒಂದೇ ತರಗತಿ ನಡೆಸಿದರೆ ಎಷ್ಟಾಗುತ್ತದೆ, ಎರಡು ವರ್ಷಕ್ಕೊಮ್ಮೆ ಹೊಸ ತಂಡ ತೆಗೆದುಕೊಂಡರೆ ಎಷ್ಟಾಗುತ್ತದೆ ಎಂದು ಅವರು ಮೇಜಿನ ಮೇಲೆ ಇಡುತ್ತಾರೆ. ತೀರ್ಮಾನ ಶಿಕ್ಷಣ ಬಲ್ಲವರದು. ಆ ತೀರ್ಮಾನವನ್ನು ಕಣ್ಣು ತೆರೆದುಕೊಂಡು ಮಾಡುವಂತೆ ನೋಡಿಕೊಳ್ಳುವುದು ಇವರ ಕೆಲಸ. ಇದಕ್ಕೆ ವೇಳಾಪಟ್ಟಿ ಹೇಗೆ ಹೆಣೆಯುತ್ತಾರೆ ಎಂಬುದು ಗೊತ್ತಿರಬೇಕು, ಐಚ್ಛಿಕ ವಿಷಯಗಳ ಆಯ್ಕೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಿರಬೇಕು. ಯಾವ ಲೆಕ್ಕಪತ್ರ ಕೋರ್ಸಿನಲ್ಲೂ ಇದನ್ನು ಕಲಿಸುವುದಿಲ್ಲ. ಬೇರೆ ಉದ್ಯಮದಿಂದ ಬಂದ ಒಳ್ಳೆಯ ಅಕೌಂಟೆಂಟರೂ ಶಾಲೆಯಲ್ಲಿ ಮೊದಲ ವರ್ಷ ತಡವರಿಸುವುದು ಇಲ್ಲೇ.

ಇದಕ್ಕೆ ಶಾಲಾ ಹಣದ ಕೆಲವು ವಿಚಿತ್ರಗಳೂ ಸೇರುತ್ತವೆ. ಅಕ್ಟೋಬರ್ ಮೊದಲ ಗುರುವಾರ ನಡೆಯುವ ಮಕ್ಕಳ ಗಣತಿಯೇ ಮುಂದಿನ ವರ್ಷದ ಅನುದಾನಕ್ಕೆ ಆಧಾರ. ನವೆಂಬರ್‌ನಲ್ಲಿ ಬಂದು ಸೇರಿದ ಮಗುವಿಗೆ ಮೇಜು, ಪುಸ್ತಕ, ಶಿಕ್ಷಕರ ಸಮಯ ಎಲ್ಲ ಅಂದೇ ಬೇಕು. ಹಣ ಬರುವುದು ಬಹಳ ತಡವಾಗಿ. ಶಿಕ್ಷಕರ ವೇತನ ಏರಿಕೆ ಸಾಮಾನ್ಯವಾಗಿ ಜುಲೈ ಸುಮಾರಿಗೆ ಘೋಷಣೆಯಾಗುತ್ತದೆ. ಆ ಹೊತ್ತಿಗೆ ಕೌನ್ಸಿಲ್ ಶಾಲೆಗಳ ಬಜೆಟ್ ವರ್ಷ ಶುರುವಾಗಿ ಮೂರು ತಿಂಗಳು ಕಳೆದಿರುತ್ತದೆ. ವಿಶೇಷ ಅಗತ್ಯವಿರುವ ಮಗುವಿಗೆ ಬೇಕಾಗುವ ಹೆಚ್ಚುವರಿ ನೆರವಿನ ಮೊದಲ 6,000 ಪೌಂಡ್ ಅನ್ನು ಶಾಲೆಯೇ ತನ್ನ ಬಜೆಟ್‌ನಿಂದ ಭರಿಸಬೇಕು ಎಂಬ ಲೆಕ್ಕಾಚಾರವಿದೆ. ಹಾಗಾಗಿ ಅಂತಹ ಮಕ್ಕಳನ್ನು ತೆರೆದ ಮನಸ್ಸಿನಿಂದ ಸೇರಿಸಿಕೊಳ್ಳುವ ಶಾಲೆಗೇ ಹೊರೆ ಹೆಚ್ಚು. 2011ರಿಂದ ಬಡ ಕುಟುಂಬದ ಮಕ್ಕಳಿಗಾಗಿ ಪ್ರತ್ಯೇಕ ಅನುದಾನವಿದೆ. ಅದನ್ನು ಹೇಗೆ ಖರ್ಚು ಮಾಡಿದೆವು ಎಂದು ಶಾಲೆ ಸಾರ್ವಜನಿಕವಾಗಿ ತಿಳಿಸಬೇಕು. ಇವೆಲ್ಲವನ್ನೂ ಕೂಡಿಸಿ ಮೂರು ವರ್ಷದ ಮುನ್ನೋಟ ಬರೆಯುವುದು ಅನುಭವವಿಲ್ಲದೆ ಬರುವ ವಿದ್ಯೆಯಲ್ಲ.

ಕಾಂಕ್ರೀಟು, ಕಲ್ನಾರು, ಕರಾರು

ಹಣದ ಆಚೆಗೂ ಕಲಿಯಬೇಕಾದದ್ದಿದೆ. 2023ರ ಆಗಸ್ಟ್ 31ರಂದು, ಶಾಲೆಗಳು ತೆರೆಯಲು ಕೆಲವೇ ದಿನ ಇರುವಾಗ, ಇಂಗ್ಲೆಂಡಿನ ಶಿಕ್ಷಣ ಇಲಾಖೆ ನೂರಕ್ಕೂ ಹೆಚ್ಚು ಶಾಲೆಗಳಿಗೆ ಕಟ್ಟಡದ ಭಾಗಗಳನ್ನು ಮುಚ್ಚುವಂತೆ ಸೂಚಿಸಿತು. ಕಳೆದ ಶತಮಾನದ ಮಧ್ಯಭಾಗದಲ್ಲಿ ಬಳಸಿದ, ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟಿನ ಛಾವಣಿಗಳು ಮುನ್ಸೂಚನೆ ಇಲ್ಲದೆ ಕುಸಿಯಬಹುದು ಎಂಬುದು ಕಾರಣ. 2018ರಲ್ಲೇ ಕೆಂಟ್ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆಯ ಛಾವಣಿ ವಾರಾಂತ್ಯದಲ್ಲಿ ಬಿದ್ದಿತ್ತು. ಮಕ್ಕಳಿಲ್ಲದ ದಿನವಾದ್ದರಿಂದ ಅನಾಹುತ ತಪ್ಪಿತು. ಸೂಚನೆ ಬಂದ ದಿನ ತಾತ್ಕಾಲಿಕ ಕೊಠಡಿಗಳನ್ನು ಹುಡುಕಿ, ವಿಮೆಯವರೊಂದಿಗೆ ಮಾತಾಡಿ, ಅಡುಗೆಮನೆ ಮುಚ್ಚಿದ್ದರೆ ಊಟ ಎಲ್ಲಿಂದ ತರಿಸುವುದೆಂದು ನೋಡಿದವರು ಈ ಮ್ಯಾನೇಜರುಗಳು. ತಮ್ಮ ಕಟ್ಟಡ ಯಾವಾಗ ಕಟ್ಟಿದ್ದು, ಯಾವ ಭಾಗದಲ್ಲಿ ಯಾವ ಸಾಮಗ್ರಿ ಇದೆ, ಕಲ್ನಾರು ಎಲ್ಲಿದೆ ಎಂಬ ದಾಖಲೆಯನ್ನು ಮೊದಲೇ ಸಿದ್ಧವಾಗಿ ಇಟ್ಟುಕೊಂಡವರು ಆ ವಾರ ಕಡಿಮೆ ಕಷ್ಟಪಟ್ಟಿರಬೇಕು. ಆ ದಾಖಲೆ ಏಕೆ ಬೇಕು ಎಂಬುದನ್ನು ಛಾವಣಿ ಬೀಳುವ ಮೊದಲೇ ಹೇಳಿಕೊಡುವುದು ತರಬೇತಿಯ ಕೆಲಸ.

ಖರೀದಿ ಇನ್ನೊಂದು ಅಪಾಯದ ಜಾಗ. ಫೋಟೊಕಾಪಿ ಯಂತ್ರದ ಲೀಸ್ ಕರಾರುಗಳಲ್ಲಿ ಸಿಕ್ಕಿಬಿದ್ದು ವರ್ಷಗಟ್ಟಲೆ ದುಬಾರಿ ಬಾಡಿಗೆ ಕಟ್ಟಿದ ಶಾಲೆಗಳ ಕಥೆ ಅಲ್ಲಿ ಹಳೆಯದು. ಕರಾರಿನ ಕೊನೆಯ ಪುಟದ ಸಣ್ಣ ಅಕ್ಷರ ಓದದೆ ಸಹಿ ಹಾಕಿದ್ದರಿಂದ ಆದದ್ದು ಅದು. 2025ರ ಫೆಬ್ರುವರಿಯಲ್ಲಿ ಸರ್ಕಾರಿ ಖರೀದಿಯ ಹೊಸ ಕಾಯ್ದೆ ಜಾರಿಗೆ ಬಂದು ಟೆಂಡರ್ ನಿಯಮಗಳು ಬದಲಾದವು. ಸಿಬ್ಬಂದಿ ಕಾನೂನು, ಮಾಹಿತಿ ಸಂರಕ್ಷಣೆ, ನೇಮಕಾತಿಗೆ ಮೊದಲು ಪ್ರತಿಯೊಬ್ಬರ ಹಿನ್ನೆಲೆ ತಪಾಸಣೆ ಇವು ಕೂಡ ಆಗಾಗ ಬದಲಾಗುತ್ತವೆ. ಒಮ್ಮೆ ಡಿಪ್ಲೊಮಾ ಮುಗಿಸಿದೆ, ಇನ್ನು ಸಾಕು ಎಂದು ಈ ವೃತ್ತಿಯಲ್ಲಿ ಯಾರೂ ಹೇಳುವಂತಿಲ್ಲ.

ಕೋಣೆಯಲ್ಲಿ ಒಬ್ಬರೇ

ಶಾಲೆಯಲ್ಲಿ ಗಣಿತ ಶಿಕ್ಷಕರಿಗೆ ಸಂದೇಹ ಬಂದರೆ ಪಕ್ಕದಲ್ಲಿ ಇನ್ನೊಬ್ಬ ಗಣಿತ ಶಿಕ್ಷಕರಿರುತ್ತಾರೆ. ಬಿಸಿನೆಸ್ ಮ್ಯಾನೇಜರ್ ಇಡೀ ಶಾಲೆಗೆ ಒಬ್ಬರೇ. ಮುಖ್ಯ ಶಿಕ್ಷಕರಿಗೆ ಆ ಕೆಲಸ ಪೂರ್ತಿ ಗೊತ್ತಿರುವುದಿಲ್ಲ. ಸಹಾಯಕರಿಗೆ ಹೇಳಿಕೊಳ್ಳಲು ಆಗದ ಗುಟ್ಟಿನ ವಿಷಯಗಳೂ ಇರುತ್ತವೆ. ಯಾರ ಹುದ್ದೆ ಹೋಗಬಹುದು ಎಂಬುದು ಬಜೆಟ್ ಬರೆಯುವವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆಯಲ್ಲ. ಅದಕ್ಕೇ ಈ ವೃತ್ತಿಯಲ್ಲಿ ಸುತ್ತಮುತ್ತಲಿನ ಶಾಲೆಗಳ ಸಮಾನರ ಗುಂಪುಗಳಿಗೆ ಕೋರ್ಸಿಗಿಂತ ಹೆಚ್ಚಿನ ಬೆಲೆ ಇದೆ. ಜಿಲ್ಲೆ ಜಿಲ್ಲೆಯಲ್ಲೂ ಇಂತಹ ಗುಂಪುಗಳಿವೆ, ಶಿಕ್ಷಣ ಇಲಾಖೆಯೂ ಅವುಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ನಿಮ್ಮ ಶಾಲೆಯ ವಿದ್ಯುತ್ ದರ ಎಷ್ಟು, ಆ ಕಂಪನಿಯ ಸಾಫ್ಟ್‌ವೇರ್ ಹೇಗಿದೆ, ಈ ಹೊಸ ಸುತ್ತೋಲೆಯ ಅರ್ಥವೇನು ಎಂದು ಕೇಳಲು ಐದಾರು ಜನರ ಫೋನ್ ನಂಬರ್ ಇದ್ದರೆ ಹೊಸಬರ ಮೊದಲ ವರ್ಷ ಉಳಿಯುತ್ತದೆ.

ಅನುಭವಿಗಳಿಗೂ ಒಂದು ಒಳ್ಳೆಯ ದಾರಿ 2018ರ ಸುಮಾರಿಗೆ ತೆರೆಯಿತು. ಹಣದ ಸಂಕಷ್ಟದಲ್ಲಿರುವ ಶಾಲೆಗಳಿಗೆ ಸಲಹೆಗಾರರನ್ನು ಕಳಿಸುವ ಯೋಜನೆಯನ್ನು ಸರ್ಕಾರ ತಂದಿತು. ಆ ಸಲಹೆಗಾರರಲ್ಲಿ ಅನೇಕರು ಸೇವೆಯಲ್ಲಿರುವ ಬಿಸಿನೆಸ್ ಮ್ಯಾನೇಜರುಗಳೇ. ಅವರ ಅರ್ಹತೆಯನ್ನು ಪರಿಶೀಲಿಸಿ ಮಾನ್ಯತೆ ನೀಡುವ ಹೊಣೆ ವೃತ್ತಿ ಸಂಸ್ಥೆಗೆ ಬಂತು. ಇನ್ನೊಬ್ಬರ ಶಾಲೆಯ ಪುಸ್ತಕ ಬಿಡಿಸಿ ಕೂತವರು ತಮ್ಮ ಶಾಲೆಯನ್ನೂ ಹೊಸ ಕಣ್ಣಿನಿಂದ ನೋಡುತ್ತಾರೆ.

ಅಡ್ಡಿಗಳು ಹಳೆಯವೇ. ಶಿಕ್ಷಕರ ಐದು ತರಬೇತಿ ದಿನಗಳಲ್ಲಿ ಕಚೇರಿಯವರು ಹೆಚ್ಚಾಗಿ ಬಾಕಿ ಕೆಲಸ ಮುಗಿಸುತ್ತಿರುತ್ತಾರೆ. ಅವರಲ್ಲಿ ಅನೇಕರಿಗೆ ಶಾಲೆ ನಡೆಯುವ ವಾರಗಳಿಗೆ ಮಾತ್ರ ಸಂಬಳ. ಬಜೆಟ್ ಕತ್ತರಿಸುವಾಗ ಮೊದಲು ಹೋಗುವುದು ತರಬೇತಿಯ ಸಾಲು, ಅದನ್ನು ಕತ್ತರಿಸುವ ಕೈಯೂ ಅವರದೇ. ತಮ್ಮ ಕಲಿಕೆಗೆಂದು ಹಣ ಕೇಳಲು ಅವರಿಗೇ ಸಂಕೋಚ. ಆದ್ದರಿಂದ ಇದನ್ನು ಅವರ ಆಸಕ್ತಿಗೆ ಬಿಡದೆ ಆಡಳಿತ ಮಂಡಳಿಯೇ ಕೇಳಬೇಕು. ವಾರ್ಷಿಕ ಮೌಲ್ಯಮಾಪನದಲ್ಲಿ ಮುಖ್ಯ ಶಿಕ್ಷಕರು ಇವರೊಂದಿಗೆ ಕೂತು, ಮುಂದಿನ ವರ್ಷ ಶಾಲೆಗೆ ಎದುರಾಗುವ ಮೂರು ದೊಡ್ಡ ತೀರ್ಮಾನಗಳು ಯಾವುವು, ಅವಕ್ಕೆ ನಿಮಗೆ ಏನು ಗೊತ್ತಿರಬೇಕು ಎಂದು ವಿಚಾರಿಸಿದರೆ ಅಲ್ಲಿಂದಲೇ ಕಲಿಕೆಯ ಯೋಜನೆ ಹುಟ್ಟುತ್ತದೆ.

ನಮ್ಮ ಕಡೆಯ ಮುಖ್ಯ ಶಿಕ್ಷಕರು

ಕರ್ನಾಟಕದ ಸರ್ಕಾರಿ ಶಾಲೆಗೆ ಈ ಮಾದರಿಯನ್ನು ಎತ್ತಿ ತಂದು ಕೂರಿಸಲು ಆಗುವುದಿಲ್ಲ. ಇಲ್ಲಿ ಶಿಕ್ಷಕರ ಸಂಬಳ ಖಜಾನೆಯಿಂದ ಹೋಗುತ್ತದೆ, ಹುದ್ದೆಗಳ ಸಂಖ್ಯೆಯನ್ನು ಇಲಾಖೆ ನಿರ್ಧರಿಸುತ್ತದೆ. ಮೇಲೆ ಹಾಕಿದ ತರಗತಿ ಲೆಕ್ಕದಿಂದ ಇಲ್ಲಿನ ಮುಖ್ಯ ಶಿಕ್ಷಕರು ಏನನ್ನೂ ಬದಲಿಸಲಾರರು. ಸಮಗ್ರ ಶಿಕ್ಷಣದಡಿ ಮಕ್ಕಳ ಸಂಖ್ಯೆಗೆ ತಕ್ಕಂತೆ ಬರುವ ಶಾಲಾ ಅನುದಾನ ವರ್ಷಕ್ಕೆ ಹೆಚ್ಚೆಂದರೆ 1 ಲಕ್ಷ ರೂಪಾಯಿ. ಅದು ಕೂಡ ಸಾವಿರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ.

ಹಣ ಸಣ್ಣದಾದರೂ ಕೆಲಸ ಸಣ್ಣದಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಗುಮಾಸ್ತರ ಹುದ್ದೆಯೇ ಇಲ್ಲ. ಅಕ್ಷರ ದಾಸೋಹದ ಅಕ್ಕಿ, ಬೇಳೆ, ಎಣ್ಣೆಯ ದಾಸ್ತಾನು ವಹಿ, ಕ್ಷೀರಭಾಗ್ಯದ ಹಾಲಿನ ಪುಡಿ, ಮೊಟ್ಟೆ ಮತ್ತು ಬಾಳೆಹಣ್ಣಿನ ದಿನದ ಲೆಕ್ಕ, ಶೂ ಮತ್ತು ಸಾಕ್ಸ್ ಖರೀದಿ, ಶಾಲಾಭಿವೃದ್ಧಿ ಸಮಿತಿಯ ನಡಾವಳಿ, ಕ್ಯಾಶ್ ಬುಕ್, ಓಚರ್, ಹಣ ಬಳಕೆ ಪ್ರಮಾಣಪತ್ರ, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಕ್ಕಳ ಮಾಹಿತಿ ಎಲ್ಲವೂ ಮುಖ್ಯ ಶಿಕ್ಷಕರ ತಲೆಯ ಮೇಲೆ. ಅವರು ಐದನೇ ತರಗತಿಗೆ ಗಣಿತವನ್ನೂ ಹೇಳಿಕೊಡುತ್ತಿರುತ್ತಾರೆ. 2003ರ ಒಪ್ಪಂದದಲ್ಲಿ ಇಂಗ್ಲೆಂಡ್ ಶಿಕ್ಷಕರ ಮೇಜಿನಿಂದ ಎತ್ತಿಟ್ಟ ಕೆಲಸಗಳಲ್ಲಿ ಎಷ್ಟೋ ಇಲ್ಲಿ ಇನ್ನೂ ಶಿಕ್ಷಕರ ಮೇಜಿನಲ್ಲೇ ಇವೆ. ಅದಕ್ಕೂ ಹೆಚ್ಚಾಗಿ, ಒಬ್ಬ ಒಳ್ಳೆಯ ಶಿಕ್ಷಕಿ ಬಡ್ತಿ ಪಡೆದ ಮರುದಿನವೇ ಈ ವಹಿಗಳನ್ನು ಬರೆಯಬೇಕು. ಲೆಕ್ಕ ತಪ್ಪಿದರೆ ಆಡಿಟ್ ಆಕ್ಷೇಪಣೆ ಬರುವುದು ಅವರ ಹೆಸರಿಗೆ. ಆ ಭಯದಿಂದಲೇ ಅನೇಕರು ಬಡ್ತಿ ಬೇಡ ಎನ್ನುವುದನ್ನು ಕೇಳಿದಾಗ ನನಗೆ ಬಹಳ ಸಂಕಟವಾಗುತ್ತದೆ.

ನಮಗೆ ಹೆಚ್ಚು ಹತ್ತಿರದ ಪಾಠ ವೇಲ್ಸ್‌ನಲ್ಲಿದೆ. ಪ್ರತಿ ಸಣ್ಣ ಪ್ರಾಥಮಿಕ ಶಾಲೆಗೂ ಒಬ್ಬ ಮ್ಯಾನೇಜರ್ ಇಡಲು ಅಲ್ಲಿಯೂ ಹಣವಿಲ್ಲ. ಅದಕ್ಕೆ ಅಕ್ಕಪಕ್ಕದ ಕೆಲವು ಶಾಲೆಗಳಿಗೆ ಸೇರಿ ಒಬ್ಬರನ್ನು ನೇಮಿಸುವ ಪ್ರಯೋಗ ಮಾಡಿದರು. ಕರ್ನಾಟಕದಲ್ಲಿ ಅಂತಹ ಗುಂಪು ಈಗಾಗಲೇ ಇದೆ: ಕ್ಲಸ್ಟರ್. ಪಾಠಕ್ಕೆ ನೆರವಾಗಲು ಕ್ಲಸ್ಟರ್‌ಗೆ ಒಬ್ಬ ಸಂಪನ್ಮೂಲ ವ್ಯಕ್ತಿಯೂ ಇದ್ದಾರೆ. ಅವರ ಜೊತೆಗೆ ಲೆಕ್ಕ, ದಾಸ್ತಾನು, ಆನ್‌ಲೈನ್ ದಾಖಲೆ ನೋಡಿಕೊಳ್ಳುವ ಒಬ್ಬ ತರಬೇತಿ ಪಡೆದ ಸಹಾಯಕರನ್ನು ಕೊಡುವುದು ಇಲಾಖೆಗೆ ಅಸಾಧ್ಯವಾದ ಖರ್ಚು ಎಂದು ನನಗೆ ಅನ್ನಿಸುವುದಿಲ್ಲ.

ಅದಕ್ಕೆ ಕಾಯದೆ ಶುರುಮಾಡಬಹುದಾದದ್ದೂ ಇದೆ. ಕ್ಲಸ್ಟರ್ ಸಭೆಗಳಲ್ಲಿ ಹೊಸ ಮುಖ್ಯ ಶಿಕ್ಷಕರಿಗಾಗಿ ಒಂದು ಗಂಟೆ ಮೀಸಲಿಡಬೇಕು. ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ಕ್ಯಾಶ್ ಬುಕ್ ಮುಗಿಸಿ ಬ್ಯಾಂಕ್ ಪುಸ್ತಕದೊಂದಿಗೆ ತಾಳೆ ನೋಡುವುದು, ಜೂನ್‌ನಲ್ಲಿ ದಾಸ್ತಾನು ವಹಿ ಮತ್ತು ಸಮಿತಿಯ ನಡಾವಳಿ ಬರೆಯುವುದು, ಶೂ ಖರೀದಿಗೆ ಮೊದಲು ಮೂರು ಕೊಟೇಶನ್ ತರಿಸಿ ಹೋಲಿಸುವುದು, ಜನವರಿಯಲ್ಲಿ ಉಳಿದ ಅನುದಾನ ಎಷ್ಟು, ಮಾರ್ಚ್ 31ರೊಳಗೆ ಅದನ್ನು ಯಾವುದಕ್ಕೆ ಬಳಸಬೇಕು ಎಂದು ಸಮಿತಿಯ ಮುಂದೆ ಇಡುವುದು. ಯಾವ ತಿಂಗಳು ಯಾವ ಕೆಲಸ ಬರುತ್ತದೋ ಆ ತಿಂಗಳೇ ಅದನ್ನು ಕಲಿಸಬೇಕು. ಕಲಿಸುವವರು ಅದೇ ಕ್ಲಸ್ಟರಿನಲ್ಲಿ ಹತ್ತು ವರ್ಷ ಈ ವಹಿಗಳನ್ನು ಬರೆದ ಹಿರಿಯ ಮುಖ್ಯ ಶಿಕ್ಷಕರಾದರೆ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿಂದ ಯಾರೂ ಬರುವವರೆಗೆ ಕಾಯಬೇಕಾಗಿಲ್ಲ.